ಹಳೆಯ ಮೋಟಾರಿನ ಮೋಹ

ಹಳೆಯ ಮೋಟಾರು ಕೊಳ್ಳುವ ಹಂಬಲ ನಮ್ಮ ತರುಣರಲ್ಲಿಯೂ ಮೂಡಿದೆ. ಮೋಹ ತಪ್ಪಲ್ಲ, ಆದರೆ ಘಾಟಬೋರಾಳದಂಥ ಊರಿನಲ್ಲಿ ಆ ಹಣವು ಮನೆಯವರು ತೊಗರಿ ಮಾರಿ ಕೂಡಿಟ್ಟದ್ದೆಂಬುದನ್ನು ಮರೆಯಲಾಗದು.

ಮೊದಲ ಸಲ ಕೊಳ್ಳುವವನಿಗೆ ಪ್ರೀಮಿಯರ್ ಪದ್ಮಿನಿಗಿಂತ ಅಂಬಾಸಡರೇ ಲೇಸೆಂದು ನನ್ನ ಮತ. 2014ರವರೆಗೂ ತಯಾರಾದುದರಿಂದ ಅದರ ಬಿಡಿಭಾಗ ದೊರೆಯುವ ಸಂಭವ ಹೆಚ್ಚು. ಬಣ್ಣದ ಹೊಳಪಿಗೆ ಮರುಳಾಗದೆ ಮೊದಲು ತಳದ ತುಕ್ಕನ್ನು ನೋಡಬೇಕು. ಇದಕ್ಕೆ ಬೇರೆ ಚಾಸಿಯಿಲ್ಲ, ಒಡಲೇ ಬೆನ್ನೆಲುಬು. ಎಂಜಿನ್ ರಿಪೇರಿಯಾದೀತು, ತುಕ್ಕು ತಿಂದ ಒಡಲನ್ನು ಸರಿಪಡಿಸುವುದು ಬಲು ದುಬಾರಿ.

15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಕಾಗದವಿಲ್ಲದ ಗಾಡಿ ಅಗ್ಗವಾದರೂ ಬೇಡ. ಕೈಲಿರುವುದರಲ್ಲಿ ಮೂರರಲ್ಲೊಂದು ಪಾಲನ್ನು ರಿಪೇರಿಗೆಂದೇ ತೆಗೆದಿಡಬೇಕು. ಅಷ್ಟು ಉಳಿಯದಿದ್ದರೆ ಇನ್ನೊಂದು ಸುಗ್ಗಿ ಕಾಯುವುದೇ ವಿವೇಕ.