ಬಣ್ಣ ಯಾರದು, ಲಾಭ ಯಾರದು?

ಕಿತ್ತಳೆ, ಕೆಂಪು, ಹಳದಿ. ಒಂದು ದೊಡ್ಡ ಬಟ್ಟೆಯ ಮೇಲೆ ಈ ಬಣ್ಣಗಳಷ್ಟೇ, ಮನುಷ್ಯನಿಲ್ಲ, ಮರವಿಲ್ಲ. 2012ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಈ ಚಿತ್ರ 8 ಕೋಟಿ 69 ಲಕ್ಷ ಡಾಲರಿಗೆ ಹೋಯಿತು. ಹೊಟ್ಟೆ ತುಂಬಿದವರ ಹುಚ್ಚಾಟವಿದು, ಬರೆದವನು ಅವರ ಆಳು ಎಂದು ನಮ್ಮ ಸಂಗಾತಿಗಳೇ ಮೂಗು ಮುರಿಯುತ್ತಾರೆ. ಅದು ತಪ್ಪು. ಬೆಲೆ ಕಟ್ಟಿದವರನ್ನು ಬೇಕಾದಷ್ಟು ಬಯ್ಯಿರಿ. ಬಣ್ಣ ಹಚ್ಚಿದವನನ್ನು ಬಯ್ಯುವ ಮೊದಲು ಅವನ ಕಥೆ ಕೇಳಿ.

ಮಾರ್ಕ್ ರಾಥ್ಕೊ 1903ರಲ್ಲಿ, ಝಾರ್ ಚಕ್ರವರ್ತಿಯ ರಷ್ಯಾಕ್ಕೆ ಸೇರಿದ್ದ ದ್ವಿನ್‌ಸ್ಕ್ ಊರಿನ ಯೆಹೂದ್ಯರ ಮನೆಯಲ್ಲಿ ಹುಟ್ಟಿದ. ಯೆಹೂದ್ಯರಿಗೆ ಅಲ್ಲಿ ನೆಮ್ಮದಿಯಿರಲಿಲ್ಲ. 1913ರಲ್ಲಿ ಹಡಗು ಹತ್ತಿ ಅಮೆರಿಕ ಸೇರಿದ. ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡ. ಹುಡುಗ ಪತ್ರಿಕೆ ಮಾರಿದ. ಯೇಲ್ ವಿಶ್ವವಿದ್ಯಾನಿಲಯ ಸೇರಿದರೂ ಪದವಿ ಮುಗಿಸದೆ 1923ರಲ್ಲಿ ಬಿಟ್ಟು, ನ್ಯೂಯಾರ್ಕಿನಲ್ಲಿ ಸಿದ್ಧ ಉಡುಪಿನ ಕಾರಖಾನೆಗಳ ಕೇರಿಯಲ್ಲಿ ಕೂಲಿಗೆ ನಿಂತ. 1929ರಿಂದ 1952ರವರೆಗೆ ಬ್ರೂಕ್ಲಿನ್ನಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದ. ಇಪ್ಪತ್ತಮೂರು ವರ್ಷ! ಅದರ ಕಾಲುಭಾಗಕ್ಕೇ ಸೀಮೆಸುಣ್ಣ ಕೆಳಗಿಟ್ಟವನು ನಾನು. ಇವನೋ ಧನಿಕರ ಆಳು?

1958ರಲ್ಲಿ ಅವನಿಗೆ ದೊಡ್ಡ ಗುತ್ತಿಗೆ ಬಂತು. ಸೀಗ್ರಾಂ ಎಂಬ ವಿಸ್ಕಿ ಕಂಪೆನಿಯ ಹೊಸ ಕಟ್ಟಡದಲ್ಲಿ ಶ್ರೀಮಂತರು ಉಣ್ಣುವ ಹೋಟೆಲು. ಅದರ ಗೋಡೆಗೆ ಚಿತ್ರ. ಕಡುಗೆಂಪು, ಕಂದು ಬಣ್ಣದಲ್ಲಿ ತಿಂಗಳುಗಟ್ಟಲೆ ಬರೆದ. ಮರುವರ್ಷ ಹೆಂಡತಿಯೊಡನೆ ಅಲ್ಲಿಗೆ ಊಟಕ್ಕೆ ಹೋಗಿ, ಉಣ್ಣುವವರನ್ನು ಕಣ್ಣಾರೆ ಕಂಡ. ಅವರ ತಟ್ಟೆಯ ಪಕ್ಕದಲ್ಲಿ ನನ್ನ ಚಿತ್ರ ತೂಗಕೂಡದೆಂದು ಮುಂಗಡ ಹಣ ಹಿಂದಿರುಗಿಸಿದ. ನಮ್ಮ ಊರುಗಳಲ್ಲಿ ಧಣಿಯ ಮುಂಗಡ ಹೀಗೆ ವಾಪಸು ಮಾಡಿದವರೆಷ್ಟು ಮಂದಿ, ಎಣಿಸಿ ನೋಡಿ. ಅವುಗಳಲ್ಲಿ ಒಂಬತ್ತನ್ನು ಲಂಡನ್ನಿನ ಟೇಟ್ ಚಿತ್ರಶಾಲೆಗೆ ದಾನ ಕೊಟ್ಟ. 1970ರ ಫೆಬ್ರವರಿ 25ರಂದು ಆ ಚಿತ್ರಗಳು ಲಂಡನ್ ತಲುಪಿದವು. ಅದೇ ದಿನ ಅವನು ಚಿತ್ರ ಬರೆಯುವ ಕೋಣೆಯಲ್ಲಿ ಹೆಣವಾಗಿ ಸಿಕ್ಕಿದ. ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡಿದ್ದ.

ಈಗ ವ್ಯಾಪಾರಿ ಬಂಧುಗಳು ಕಿವಿಗೊಡಬೇಕು. ಸತ್ತವನ ಆಸ್ತಿ ನೋಡಿಕೊಳ್ಳಲು ಉಯಿಲಿನಂತೆ ಮೂವರಿದ್ದರು. ಅವರು ನೂರು ಚಿತ್ರಗಳನ್ನು ಮಾರ್ಲ್‌ಬರೋ ಎಂಬ ಚಿತ್ರವ್ಯಾಪಾರದ ಸಂಸ್ಥೆಗೆ 18 ಲಕ್ಷ ಡಾಲರಿಗೆ ಕೊಟ್ಟರು, ಚಿತ್ರವೊಂದಕ್ಕೆ 18 ಸಾವಿರದಂತೆ. ಕೈಗೆ ಬಂದದ್ದು 2 ಲಕ್ಷ. ಉಳಿದದ್ದು 12 ಕಂತು, ಬಡ್ಡಿಯಿಲ್ಲ! ಇನ್ನೂ ಸುಮಾರು 700 ಚಿತ್ರಗಳನ್ನು ಮಾರಿಕೊಡಲು ಅದೇ ಸಂಸ್ಥೆಗೆ ನೂರಕ್ಕೆ ಐವತ್ತರ ದಲ್ಲಾಳಿ. ಯಾವ ಮಂಡಿಯ ದಲ್ಲಾಳಿ ಅರ್ಧಕ್ಕರ್ಧ ಬಾಚಿಕೊಂಡು ಮುಖವೆತ್ತಿ ನಡೆದಾನು? ಗುಟ್ಟು ಇಷ್ಟೇ: ಮೂವರಲ್ಲಿ ಒಬ್ಬ ಆ ಸಂಸ್ಥೆಯದೇ ಅಧಿಕಾರಿ, ಇನ್ನೊಬ್ಬ ಚಿತ್ರಗಾರ, ಅವನ ಚಿತ್ರಗಳನ್ನೂ ಸಂಸ್ಥೆ ಕರಾರಿಗೆ ಹಿಡಿಯಿತು.

ತಂದೆ ಸತ್ತಾಗ ಮಗಳು ಕೇಟ್‌ಗೆ ಹತ್ತೊಂಬತ್ತು. 1971ರಲ್ಲಿ ಅವಳು ದಾವೆ ಹೂಡಿದಳು. ದೊಡ್ಡ ದೊಡ್ಡ ವಕೀಲರು ಎದುರು ನಿಂತರು. 1975ರಲ್ಲಿ ನ್ಯಾಯಾಧೀಶರು ಮೂವರನ್ನೂ ಕಿತ್ತುಹಾಕಿ, ಕರಾರುಗಳನ್ನು ರದ್ದುಮಾಡಿ, ನಷ್ಟ ಪರಿಹಾರವೂ ದಂಡವೂ ಸೇರಿ 90 ಲಕ್ಷ ಡಾಲರಿಗೂ ಮೇಲ್ಪಟ್ಟು ವಿಧಿಸಿದರು. 1977ರಲ್ಲಿ ಮೇಲಿನ ನ್ಯಾಯಾಲಯವೂ ತೀರ್ಪನ್ನು ಎತ್ತಿ ಹಿಡಿಯಿತು. ಮಾರದೆ ಉಳಿದಿದ್ದ ಚಿತ್ರಗಳಲ್ಲಿ ಬಹಳಷ್ಟು ಮುಂದೆ ಸಾರ್ವಜನಿಕ ಚಿತ್ರಶಾಲೆಗಳಿಗೆ ಹೋದವು. ದೊಡ್ಡ ಪಾಲು ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಅಲ್ಲಿ ಒಳಹೋಗಲು ಕಾಸು ಕೊಡಬೇಕಾಗಿಲ್ಲ.