ಮಾಸಿದ ಹಿಮನದಿಯತ್ತಲೂ ಕ್ಯಾಮೆರಾ ತಿರುಗಲಿ

ಅಲಾಸ್ಕದ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಕ್ರೂಸ್ ಹಡಗುಗಳು ಟಾರ್ ಕೊಲ್ಲಿಯ ತುದಿಯಲ್ಲಿ ಮಾರ್ಜರಿ ಹಿಮನದಿಯ ಎದುರು ನಿಲ್ಲುತ್ತವೆ. ಎರಡೂ ಬದಿಯವರಿಗೆ ಕಾಣಲೆಂದು ಹಡಗು ನಿಂತಲ್ಲೇ ನಿಧಾನವಾಗಿ ತಿರುಗುತ್ತದೆ. ಡೆಕ್ಕಿನ ಕಂಬಿಯುದ್ದಕ್ಕೂ ಮೊಬೈಲು, ಕ್ಯಾಮೆರಾಗಳು ಮೇಲೇಳುತ್ತವೆ. ಸುಮಾರು ಒಂದೂವರೆ ಕಿ.ಮೀ. ಅಗಲದ, ನೀರಿನಿಂದ 75 ಮೀಟರಿನಷ್ಟು ಎದ್ದು ನಿಂತ ನೀಲಿ ಮಂಜಿನ ಗೋಡೆ ಯಾರನ್ನಾದರೂ ಸೆಳೆಯುವಂಥದ್ದೇ. ಅದರ ಬಲಕ್ಕೆ, ಕಲ್ಲುಮಣ್ಣು ಹೊದ್ದು ಕ್ವಾರಿಯ ರಾಶಿಯಂತೆ ಕಾಣುವುದು ಗ್ರ್ಯಾಂಡ್ ಪೆಸಿಫಿಕ್ ಹಿಮನದಿ. ಒಂದು ಕಾಲಕ್ಕೆ ಇಡೀ ಗ್ಲೇಸಿಯರ್ ಬೇ ಕೊಲ್ಲಿಯನ್ನು ತುಂಬಿ ನಿಂತಿದ್ದ ಮಹಾಹಿಮದ ಮುಖ್ಯ ಕವಲು ಅದು. ಆದರೆ ಫೋಟೊಗೆ ಚೆಂದವಲ್ಲವೆಂದು ಅದು ಆಲ್ಬಮ್ಮಿನಿಂದ ಜಾರಿಹೋಗುತ್ತದೆ. ಈ ಅಭ್ಯಾಸ ಬದಲಾಗಬೇಕು. ಡೆಕ್ಕಿನಿಂದ ತೆಗೆದ ಫೋಟೊ ಮೊದಲು ದಾಖಲೆಯಾಗಲಿ, ಚೆಂದದ ಮಾತು ಆಮೇಲೆ.

ಇದಕ್ಕೆ ಆಧಾರ ಆ ಕೊಲ್ಲಿಯ ಚರಿತ್ರೆಯಲ್ಲೇ ಇದೆ. 1794ರಲ್ಲಿ ನಾವಿಕ ವ್ಯಾಂಕೂವರ್ ತಂಡದವರು ಅಲ್ಲಿಗೆ ಬಂದಾಗ ಕೊಲ್ಲಿ ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ, ಬಾಯಿಗೇ ಮಂಜಿನ ಗೋಡೆ ಅಡ್ಡವಾಗಿತ್ತು. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ದೋಣಿಯಲ್ಲಿ ಬರುವ ಹೊತ್ತಿಗೆ ಮಂಜು ಬಹುದೂರ ಸರಿದಿತ್ತು. 1916ರ ಹೊತ್ತಿಗೆ ಗ್ರ್ಯಾಂಡ್ ಪೆಸಿಫಿಕ್ ಕೊಲ್ಲಿಯ ಬಾಯಿಯಿಂದ ಸುಮಾರು 100 ಕಿ.ಮೀ. ಹಿಂದಿತ್ತು. 1899ರಲ್ಲಿ ಹ್ಯಾರಿಮನ್ ಅನ್ವೇಷಣಾ ತಂಡ ಛಾಯಾಗ್ರಾಹಕ ಎಡ್ವರ್ಡ್ ಕರ್ಟಿಸ್ ಅವರನ್ನು ಕರೆದುಕೊಂಡು ಉಗಿಹಡಗಿನಲ್ಲಿ ಬಂದು ಈ ಕರಾವಳಿಯ ಸಾವಿರಾರು ಚಿತ್ರಗಳನ್ನು ತೆಗೆಯಿತು. ಇನ್ನೂ ಕಣ್ಣಿಗೆ ಕಟ್ಟುವುದು ಇದೇ ಉದ್ಯಾನದ ಮ್ಯೂರ್ ಹಿಮನದಿಯ ಜೋಡಿಚಿತ್ರ. 1941ರಲ್ಲಿ ಹಿಮನದಿತಜ್ಞ ವಿಲಿಯಂ ಫೀಲ್ಡ್ ತೆಗೆದ ಚಿತ್ರದಲ್ಲಿ ಕಣಿವೆ ತುಂಬ ಮಂಜು. 2004ರಲ್ಲಿ ಅದೇ ಜಾಗದಲ್ಲಿ ನಿಂತು ಭೂವಿಜ್ಞಾನಿ ಬ್ರೂಸ್ ಮೋಲ್ನಿಯಾ ತೆಗೆದದ್ದರಲ್ಲಿ ಮಂಜಿದ್ದ ಕಡೆ ನೀರು, ಇಳಿಜಾರಿನಲ್ಲಿ ಹಸಿರು. ಮ್ಯೂರ್ ಹಿಮನದಿ ಚೌಕಟ್ಟಿನಲ್ಲೇ ಇಲ್ಲ. ಮೊದಲ ಚಿತ್ರ ಎಲ್ಲಿ, ಎಂದು ತೆಗೆದದ್ದೆಂಬ ಗುರುತು ಉಳಿದಿದ್ದರಿಂದಲೇ ಎರಡನೆಯದಕ್ಕೆ ಅರ್ಥ ಬಂತು.

ಕಲೆಗೆ ಡೆಕ್ ಅಷ್ಟೇನೂ ಒಳ್ಳೆಯ ಜಾಗವಲ್ಲ. ಎಂಜಿನ್ನಿನ ನಡುಕ ಟ್ರೈಪಾಡಿಗೂ ಕಂಬಿಗೂ ಹತ್ತುತ್ತದೆ, ಹಾಗಾಗಿ ಕೈಯಲ್ಲೇ ಹಿಡಿದು ಸೆಕೆಂಡಿನ 500ನೇ ಒಂದು ಭಾಗದಷ್ಟು ಚುರುಕಾದ ಶಟರಿನಲ್ಲಿ ತೆಗೆಯುವುದೇ ಮೇಲು. ಹಿಂಬದಿಗೆ ಹೋದರೆ ಹೊಗೆಕೊಳವೆಯ ಬಿಸಿಗಾಳಿಯಲ್ಲಿ ದೃಶ್ಯ ನಡುಗುತ್ತದೆ. ಬೆಳಕಿಗಾಗಿ ಕಾಯುವ ಸ್ವಾತಂತ್ರ್ಯವಿಲ್ಲ, ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡುವಂತಿಲ್ಲ. ಆದರೆ ದಾಖಲೆಗೆ ಬೇಕಾದದ್ದು ಅಲ್ಲಿ ತಾನಾಗಿಯೇ ಇದೆ. ಹಡಗುಗಳು ಬೇಸಿಗೆಯುದ್ದಕ್ಕೂ, ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬಂದು ಅದೇ ಗೋಡೆಯ ಮುಂದೆ ನಿಲ್ಲುತ್ತವೆ. ಬೇಕಾದದ್ದು ಸ್ವಲ್ಪ ಶಿಸ್ತು. ಜೂಮ್ ಮಾಡಿ ನೀಲಿ ಬಿರುಕನ್ನಷ್ಟೇ ಹಿಡಿಯುವ ಮುನ್ನ, ಎರಡೂ ಬದಿಯ ಬೆಟ್ಟದ ಅಂಚು, ಮಂಜು ನೀರಿಗೆ ತಾಗುವ ಗೆರೆ, ಪಕ್ಕದ ಮಣ್ಣು ಮೆತ್ತಿದ ಹಿಮನದಿ ಎಲ್ಲವೂ ಬರುವಂಥ ಅಗಲವಾದ ಚಿತ್ರವೊಂದನ್ನು ತೆಗೆಯಬೇಕು. ಆಕಾಶ ಬದಲಿಸುವ ಆ್ಯಪ್ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುವುದಷ್ಟೇ ಅಲ್ಲ, ಜಾಗದ ವಿವರವೂ ಅಳಿಸಿಹೋಗುತ್ತದೆ. ಮೂಲ ಫೈಲು ಉಳಿಸಿಕೊಳ್ಳಬೇಕು.

ಉಪಗ್ರಹಗಳಿರುವಾಗ ಪ್ರವಾಸಿಗರ ಫೋಟೊ ಏಕೆ ಎಂದು ಕೇಳಬಹುದು. ಲ್ಯಾಂಡ್‌ಸ್ಯಾಟ್ 1972ರಿಂದ ಮೇಲಿನಿಂದ ನೋಡುತ್ತಿದೆ ನಿಜ, ಆದರೆ ನೀರಿನ ಮಟ್ಟದಲ್ಲಿ ಗೋಡೆ ಹೇಗಿತ್ತೆಂದು ಎದುರಿನಿಂದ ತೋರಿಸುವುದು ಇಂಥ ಚಿತ್ರವೇ. ಡೆಕ್ ಅಲುಗುವ ಜಾಗ, ಫೀಲ್ಡ್ ಅವರಂತೆ ನೆಲದ ಮೇಲೆ ಗುರುತಿಟ್ಟು ನಿಲ್ಲಲಾಗದು ಎಂಬುದೂ ಸರಿ. ಇದರಿಂದ ಮೀಟರ್ ಲೆಕ್ಕ ಸಿಗದಿದ್ದರೂ, ಮಂಜು ಯಾವ ಬಂಡೆಯವರೆಗೆ ಇತ್ತು, ನೀರನ್ನು ಮುಟ್ಟುತ್ತಿತ್ತೇ ಇಲ್ಲವೇ ಎಂಬುದು ಸ್ಪಷ್ಟವಾಗಿ ಸಿಗುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಇಲ್ಲಿ ಮಂಜು ಸರಿಯತೊಡಗಿದ್ದು 18ನೇ ಶತಮಾನದಲ್ಲೇ, ಕಾರ್ಖಾನೆಗಳ ಹೊಗೆ ಜಗತ್ತನ್ನು ಮುತ್ತುವ ಮೊದಲೇ. ಸಮುದ್ರ ಮುಟ್ಟುವ ಹಿಮನದಿಗಳಿಗೆ ತಮ್ಮದೇ ಏರಿಳಿತವಿದೆ; ನೆರೆಯ ಜಾನ್ಸ್ ಹಾಪ್ಕಿನ್ಸ್ ಹಿಮನದಿ ದಶಕಗಳ ಕಾಲ ಮುಂದೊತ್ತುತ್ತಲೇ ಬಂದದ್ದು. ಹಾಗಾಗಿ ಮಂಜು ಸರಿದದ್ದೆಲ್ಲ ಹವಾಮಾನ ಬದಲಾವಣೆಯ ಸಾಕ್ಷಿಯಲ್ಲ ಎಂಬುದು ನನ್ನ ವಾದವನ್ನು ಬಲಪಡಿಸುವ ಮಾತೇ. ಮೊದಲೇ ಮಾಡಿಕೊಂಡ ತೀರ್ಮಾನಕ್ಕೆ ಒಗ್ಗುವ ಚಿತ್ರವನ್ನಷ್ಟೇ ಆರಿಸಿದರೆ ದಾಖಲೆ ಪ್ರಚಾರವಾಗುತ್ತದೆ. ಹಿಂದೆ ಸರಿದದ್ದೂ ಮುಂದೆ ಬಂದದ್ದೂ ಎರಡೂ ಇರಬೇಕು.

ಹೊಗೆಯುಗುಳುವ ಹಡಗಿನಲ್ಲಿ ನಿಂತು ಮಂಜಿನ ಸಾಕ್ಷಿ ಹೇಳುವುದು ಬೂಟಾಟಿಕೆಯಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಉದ್ಯಾನದವರು ದಿನಕ್ಕೆ ಎರಡಕ್ಕಿಂತ ಹೆಚ್ಚು ಕ್ರೂಸ್ ಹಡಗುಗಳನ್ನು ಒಳಗೆ ಬಿಡದಿರುವುದೂ ಸುಮ್ಮನೆ ಅಲ್ಲ. ಫೋಟೊ ಪ್ರಯಾಣದ ಪಾಪ ತೊಳೆಯುವುದಿಲ್ಲ. ಆದರೆ ಹಡಗು, ಜನ ಯಾವುದೂ ಬೀಳದಂತೆ ಎಚ್ಚರ ವಹಿಸಿ 'ಮನುಷ್ಯರು ಮುಟ್ಟದ ಪ್ರಕೃತಿ' ಎಂದು ತೋರಿಸುವ ಚಿತ್ರ ಅದಕ್ಕಿಂತ ದೊಡ್ಡ ಸುಳ್ಳು. ಮುಂದೊತ್ತಿ ಬಂದ ಮಂಜಿಗೆ ಊರು ಬಿಟ್ಟುಕೊಟ್ಟ ಮೂಲನಿವಾಸಿ ಹೂನಾ ಟ್ಲಿಂಗಿಟ್ ಜನರ ತವರು ಈ ಕೊಲ್ಲಿ. ಕಂಬಿಯ ತುಂಡೊಂದು ಚಿತ್ರದಲ್ಲಿ ಬಿದ್ದರೆ ನಾಚಿಕೆಪಡಬೇಕಿಲ್ಲ, ನೋಡಿದವರು ಎಲ್ಲಿ ನಿಂತಿದ್ದರೆಂದು ಅದೇ ಹೇಳುತ್ತದೆ. ಉದ್ಯಾನದ ರೇಂಜರುಗಳು ಹೇಗೂ ಈ ಹಡಗುಗಳನ್ನು ಹತ್ತಿ ಮೈಕಿನಲ್ಲಿ ವಿವರಣೆ ಕೊಡುತ್ತಾರೆ. ಒಂದು ಅಗಲವಾದ ಚಿತ್ರ ತೆಗೆಯಿರಿ, ಬಲಗಡೆಯದನ್ನೂ ಸೇರಿಸಿಕೊಳ್ಳಿ, ಮೂಲ ಫೈಲು ಅಳಿಸಬೇಡಿ ಎಂದು ಅದರಲ್ಲೇ ಸೇರಿಸಿ ಹೇಳಿದರೆ ಖರ್ಚೇನೂ ಇಲ್ಲ. ಅಮೆರಿಕದ ಮಕ್ಕಳ ಮನೆಗೆ ಹೋದಾಗ ಅಲಾಸ್ಕ ನೋಡಿಬರುವ ನಮ್ಮ ಹಿರಿಯರೂ ಪಾಲಿಸಬಹುದಾದಷ್ಟು ಸುಲಭದ ಕೆಲಸ ಅದು.