ನೀರು ಹಾಕುವವರು ಯಾರು?

ಅಹಮದಾಬಾದಿನ ಸೊಸೈಟಿಗಳಲ್ಲಿ ವಾಸಿಸುವ ನಮ್ಮ ವಾಚಕ ಬಂಧುಗಳಿಗೆ ‘ಕಾಮನ್ ಪ್ಲಾಟ್’ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ನವರಾತ್ರಿಯಲ್ಲಿ ಗರಬಾ, ಮದುವೆಯ ಮನೆಯವರಿಗೆ ಊಟದ ಚಪ್ಪರ, ಮಿಕ್ಕ ದಿನ ಮಕ್ಕಳ ಕ್ರಿಕೆಟ್ಟು. ನಮ್ಮ ಪ್ಲಾಟಿನಲ್ಲಿ ಎರಡು ಬೇವಿನ ಮರಗಳೂ ಇವೆ. ಕಳೆದ ಸಭೆಯಲ್ಲಿ, ಅಲ್ಲೆಲ್ಲ ಸಿಮೆಂಟು ಹಾಸಿ ಕಾರು ನಿಲ್ಲಿಸೋಣವೆಂಬ ಸೂಚನೆ ಬಂತು. ಬೇಡ, ನಾಲ್ಕು ಗಿಡ ನೆಟ್ಟು ಬೆಂಚು ಹಾಕೋಣ ಎಂದೆವು. ಎದುರು ಮನೆಯ ಕಾಕಾ ಕೇಳಿದ್ದು ಒಂದೇ ಮಾತು: “ಪಾಣಿ ಕೋಣ್ ಪಾಶೆ?” ನೀರು ಹಾಕುವವರು ಯಾರು? ನಾವು ಸುಮ್ಮನಾದೆವು.

ಮನೆಗೆ ಬಂದ ಮೇಲೆ ಬೆಂಗಳೂರಿನ ಪುಟ್ಟೇನಹಳ್ಳಿ ಕೆರೆ ನೆನಪಾಯಿತು. ಯಲಹಂಕದ ಪುಟ್ಟೇನಹಳ್ಳಿಯದಲ್ಲ, ಜೆ.ಪಿ. ನಗರ ಏಳನೆಯ ಹಂತದ್ದು. ಹದಿಮೂರು ಎಕರೆ ಚಿಲ್ಲರೆಯ ಪುಟ್ಟ ಕೆರೆ. ಸುತ್ತ ಬಡಾವಣೆಗಳೆದ್ದಂತೆ ನೀರು ತರುತ್ತಿದ್ದ ಕಾಲುವೆಗಳು ಮುಚ್ಚಿಹೋಗಿ ಅದು ಕಸದ ಗುಂಡಿಯಾಗಿತ್ತು. ನೆರೆಮನೆಗಳವರು, ಅವರಲ್ಲೂ ಮುಂದಾಗಿ ಹೆಂಗಸರು, ಕಚೇರಿಗಳ ಮೆಟ್ಟಿಲು ಹತ್ತಿಳಿದು 2010ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಪಾಲಿಕೆ ಹೂಳೆತ್ತಿಸಿತು, 2011ರಲ್ಲಿ ಒಪ್ಪಂದ ಬರೆದು ಕೆರೆಯ ಪಾಲನೆಯನ್ನು ಅವರಿಗೇ ವಹಿಸಿತು. ಬೆಂಗಳೂರಿನಲ್ಲಿ ನಿವಾಸಿಗಳ ಕೈಗೆ ಹೀಗೆ ಕೆರೆ ಬಂದದ್ದು ಅದೇ ಮೊದಲು.

ಕಥೆ ಅಲ್ಲಿಗೆ ಸುಖಾಂತವಾಯಿತೆಂದು ತಿಳಿಯಬಾರದು. ಹೂಳು ತೆಗೆದ ಕೆರೆಯಲ್ಲಿ ನೀರೇ ನಿಲ್ಲದು! ಕಾಲುವೆಯಿಲ್ಲದ ಕೆರೆಗೆ ನೀರು ಎಲ್ಲಿಂದ ಬರಬೇಕು? ಮಳೆಯನ್ನೇ ನೆಚ್ಚಿ ಕೂತರೆ ಬೇಸಗೆಗೆ ತಳ ಕಾಣುತ್ತಿತ್ತು. ಕೊನೆಗೆ ದಾರಿಯಾದದ್ದು ಬಚ್ಚಲ ನೀರು. ನೆರೆಯ ದೊಡ್ಡ ವಸತಿ ಸಮುಚ್ಚಯದ ಕೊಳಚೆಯನ್ನು ಶುದ್ಧಿಮಾಡಿ ಕೆರೆಗೆ ಬಿಡುವ ಏರ್ಪಾಡಾಯಿತು. ಶುದ್ಧಿಮಾಡಿದರೂ ಅದರಲ್ಲಿ ಸಾರ ಉಳಿದಿರುತ್ತದೆ. ಆ ಸಾರಕ್ಕೆ ಜೊಂಡು ಬೆಳೆಯುತ್ತದೆ. ಜೊಂಡು ಕೀಳಲು ಆಳು ಬೇಕು, ಆಳಿಗೆ ಕೂಲಿ ಬೇಕು, ಕೂಲಿಗೆ ಚಂದಾ ಎತ್ತಬೇಕು. ಮನೆಬಾಗಿಲಿಗೆ ಹೋಗಿ ಚಂದಾ ಕೇಳುವ ಸುಖವನ್ನು ರಾಜ್ಯೋತ್ಸವಕ್ಕೆ ರಸೀದಿ ಪುಸ್ತಕ ಹಿಡಿದು ಅಲೆದ ನಮ್ಮ ಸದಸ್ಯರು ಬಲ್ಲರು. ಆದರೂ ಅಲ್ಲಿ ಹಕ್ಕಿ ಬಂದವು, ಮರ ಎದ್ದವು, ಅಜ್ಜಂದಿರಿಗೆ ಸಂಜೆ ನಡೆಯಲೊಂದು ಏರಿ ಸಿಕ್ಕಿತು.

ಕಾಕಾನಿಗೆ ಬೆಂಗಳೂರಿನ ಮಾತು ರುಚಿಸಲಿಕ್ಕಿಲ್ಲ. ಅವರಿಗೆ ಅವರ ಊರಿನದೇ ಹೇಳಬೇಕು. 2017ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಅಹಮದಾಬಾದಿನ ಪೋಳಗಳನ್ನು ನೋಡಿರಿ. ಇಕ್ಕಟ್ಟಿನ ಓಣಿ, ಎದುರುಬದುರು ಮನೆ. ಆದರೂ ನಡುವೆ ಒಂದು ಚೌಕ, ಚೌಕದಲ್ಲಿ ಕೆತ್ತನೆಯ ಚಬುತರೋ, ಮೇಲೆ ಪಾರಿವಾಳ ಗಿಳಿಗಳಿಗೆ ಕಾಳು. ಹೆಬ್ಬಾಗಿಲಿನಿಂದ ಹಿಡಿದು ಓಣಿಯ ವ್ಯವಹಾರವನ್ನೆಲ್ಲ ಪೋಳದ ಪಂಚರೇ ನೋಡಿಕೊಳ್ಳುತ್ತಿದ್ದರು. ಆ ಚಬುತರೋಗೆ ಕಾಳು ಹಾಕುವವರು ಯಾರೆಂದು ಯಾರೂ ಸಭೆ ಸೇರಿಸಿ ಕೇಳಿದಂತಿಲ್ಲ.

ಕಾಕಾ ಹುಟ್ಟಿ ಬೆಳೆದದ್ದು ಅಂಥದೊಂದು ಪೋಳದಲ್ಲಿಯೇ ಎಂದು ಅವರ ಸೊಸೆಯಿಂದ ತಿಳಿಯಿತು. ಬರುವ ಭಾನುವಾರ ಮತ್ತೆ ಸಭೆಯಿದೆ. ಮಂಗಳವಾರ ಶುಕ್ರವಾರಗಳ ನೀರಿನ ಸರದಿಗೆ ನಮ್ಮ ಮನೆಯ ಹೆಸರನ್ನು ಈಗಲೇ ಬರೆದಿಟ್ಟಿದ್ದೇವೆ. ಉಳಿದ ಐದು ದಿನ ಖಾಲಿಯಿವೆ.